ತಾರೀಖಿಲ್ಲದ ಕಾರ್ಡು: ಹಾರಾಟ ಶಿಕ್ಷಕಿಯೊಬ್ಬರ ಅರ್ಹತೆಯ ಪ್ರಕರಣ

ಅಮೆರಿಕದಲ್ಲಿ ಹಾರಾಟ ಕಲಿತು, ಅಲ್ಲಿಯೇ ಒಂದಷ್ಟು ಕಾಲ ಶಿಕ್ಷಕರಾಗಿ ದುಡಿದು, ಬೆಂಗಳೂರಿಗೆ ಮರಳಿ ವಿಮಾನ ಸಂಸ್ಥೆ ಸೇರಿದ ಪೈಲಟ್‌ಗಳು ನನಗೆ ಆಗಾಗ ಸಿಗುತ್ತಾರೆ. ಅವರಲ್ಲಿ ಹೆಚ್ಚಿನವರ ಕಡತದಲ್ಲಿ ಅಮೆರಿಕದ ಶಿಕ್ಷಕರ ಸರ್ಟಿಫಿಕೇಟ್ ಒಂದು ಕುಳಿತಿರುತ್ತದೆ. ಎರಡು ವರ್ಷಕ್ಕೊಮ್ಮೆ ಅದು ತಲೆ ಎತ್ತುತ್ತದೆ: ಚಾಲ್ತಿಯಲ್ಲಿ ಇಟ್ಟುಕೊಳ್ಳಬೇಕೇ, ಬಿಡಬೇಕೇ? ನಾನು ಹಿಂದೆ ಸಣ್ಣ ವಿಮಾನಗಳಲ್ಲಿ ಹಾರಾಟ ಕಲಿಸಿದವನು, ಈಗ ಹೊಸಬರಿಗೆ ನೆಲದ ಪಾಠ ಹೇಳುವವನು. ಹಾಗಾಗಿ ಈ ಪ್ರಶ್ನೆ ನನ್ನ ಬಳಿಗೂ ಬರುತ್ತದೆ. ಇಲ್ಲಿ ವಿವರಿಸುತ್ತಿರುವುದು ಒಬ್ಬರ ಪ್ರಕರಣ. ಅವರ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ. ಗುರುತು ಹತ್ತಬಹುದಾದ ಸಂಗತಿಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಅವರನ್ನು ‘ಕ’ ಎಂದು ಕರೆಯೋಣ.

ಹಿನ್ನೆಲೆ

ಕ ಅವರಿಗೆ ನಲವತ್ತು ಹತ್ತಿರವಾಗುತ್ತಿದೆ. ಊರಿನ ಉತ್ತರ ದಿಕ್ಕಿನಲ್ಲಿ ಬೆಳೆದವರು. ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯ ವಿಮಾನಗಳು ಮನೆಯ ಮೇಲೆ ಸುತ್ತು ಹಾಕುವುದನ್ನು ನೋಡಿಯೇ ಆಸೆ ಹುಟ್ಟಿತು ಎನ್ನುತ್ತಾರೆ. ಆದರೆ ಕಲಿತದ್ದು ಅಮೆರಿಕದಲ್ಲಿ. ಅಲ್ಲಿ ಕಮರ್ಷಿಯಲ್ ಸರ್ಟಿಫಿಕೇಟ್ ಪಡೆದು, ಅದರ ಮೇಲೆ ಹಾರಾಟ ಶಿಕ್ಷಕಿಯ ಪರೀಕ್ಷೆಯನ್ನೂ ಮುಗಿಸಿ, ವಿದ್ಯಾರ್ಥಿ ವೀಸಾ ಕೊಟ್ಟ ಕೆಲಸದ ಅವಧಿಯಲ್ಲಿ ಕಲಿತ ಶಾಲೆಯಲ್ಲಿಯೇ ಪಾಠ ಹೇಳಿದರು. ಆಮೇಲೆ ಊರಿಗೆ ಬಂದು, ಭಾರತದ ನಾಗರಿಕ ವಿಮಾನಯಾನ ನಿಯಂತ್ರಕ ಸಂಸ್ಥೆಯಾದ ಡಿಜಿಸಿಎ ಪರೀಕ್ಷೆಗಳನ್ನು ಬರೆದು ಲೈಸೆನ್ಸ್ ಪರಿವರ್ತಿಸಿಕೊಂಡರು. ವಿಮಾನ ಸಂಸ್ಥೆಯೊಂದರಲ್ಲಿ ಸಹಚಾಲಕಿಯಾಗಿ ವರ್ಷಗಟ್ಟಲೆ ಹಾರಿ, ಈಗ್ಗೆ ಸ್ವಲ್ಪ ಕಾಲದ ಹಿಂದೆ ಕ್ಯಾಪ್ಟನ್ ಆದರು.

ಒಂದು ಸಂಗತಿಯನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಮನೆಯವರಷ್ಟೇ ಅಲ್ಲ, ಪೈಲಟ್‌ಗಳೂ ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. ಭಾರತದಲ್ಲಿ ನೋಂದಣಿಯಾದ, ವಿಟಿ ಎಂಬ ಅಕ್ಷರಗಳಿಂದ ಆರಂಭವಾಗುವ ವಿಮಾನದಲ್ಲಿ ಪಾಠ ಹೇಳಲು ಡಿಜಿಸಿಎ ಕೊಟ್ಟ ಶಿಕ್ಷಕರ ರೇಟಿಂಗ್, ಅಂದರೆ ಲೈಸೆನ್ಸ್ ಮೇಲಿನ ಹೆಚ್ಚುವರಿ ಅರ್ಹತೆ, ಬೇಕು. ಅಮೆರಿಕದ ವಿಮಾನಯಾನ ನಿಯಂತ್ರಕ ಸಂಸ್ಥೆ ಎಫ್‌ಎಎ ಕೊಟ್ಟದ್ದು ಅದಕ್ಕೆ ನಡೆಯುವುದಿಲ್ಲ. ಕ ಅವರ ಲೈಸೆನ್ಸ್ ಭಾರತದ್ದಾಯಿತು, ಶಿಕ್ಷಕಿಯ ಅರ್ಹತೆ ಅಮೆರಿಕದ್ದಾಗಿಯೇ ಉಳಿಯಿತು. ಹಾಗಿದ್ದೂ ಅವರು ಪ್ರತಿ ಎರಡು ವರ್ಷಕ್ಕೊಮ್ಮೆ ಆನ್‌ಲೈನ್ ಪುನರ್ಮನನ ಕೋರ್ಸ್ ಮಾಡಿ ಅದನ್ನು ಉಳಿಸಿಕೊಂಡು ಬಂದಿದ್ದರು. ಯಾಕೆ ಎಂದು ಯಾರೂ ಕೇಳಿರಲಿಲ್ಲ, ಅವರೂ ಕೇಳಿಕೊಂಡಿರಲಿಲ್ಲ.

ಸಮಸ್ಯೆ

ನನ್ನ ಬಳಿ ಬಂದಾಗ ಅವರ ಮಾತು ಹೀಗಿತ್ತು: “ಸರ್, ಶಿಕ್ಷಕರ ಸರ್ಟಿಫಿಕೇಟ್ ಕಾರ್ಡಿನ ಮೇಲೆ ಇನ್ನು ಮುಕ್ತಾಯದ ತಾರೀಖೇ ಇರುವುದಿಲ್ಲವಂತೆ. ಹಾಗಿದ್ದ ಮೇಲೆ ಈ ಸಲ ಕೋರ್ಸ್ ಮಾಡದಿದ್ದರೂ ನಡೆಯುತ್ತದೆ ಅಲ್ಲವೇ?”

ತಾರೀಖು ಹೋದದ್ದು ನಿಜ. ಎಫ್‌ಎಎ ಹೊಸ ನಿಯಮ 2024ರ ಡಿಸೆಂಬರ್ 1ರಂದು ಜಾರಿಗೆ ಬಂದಿದೆ. ಆ ದಿನದಿಂದ ಕೊಡುವ ಶಿಕ್ಷಕರ ಸರ್ಟಿಫಿಕೇಟ್ ಮೇಲೆ ಮುಕ್ತಾಯದ ದಿನಾಂಕ ಅಚ್ಚಾಗುವುದಿಲ್ಲ. ಆದರೆ ಕಲಿಸುವ ಹಕ್ಕಿಗೆ ಇರುವ ಕಟ್ಟು ಸಡಿಲವಾಗಿಲ್ಲ. ಪ್ರತಿ 24 ಕ್ಯಾಲೆಂಡರ್ ತಿಂಗಳಿಗೊಮ್ಮೆ ಶಿಕ್ಷಕರು ತಮ್ಮ ಇತ್ತೀಚಿನ ಅನುಭವವನ್ನು ತೋರಿಸಲೇಬೇಕು. ತೋರಿಸುವ ದಾರಿಗಳು ಹಲವು. ಪರೀಕ್ಷಕರ ಎದುರು ಪ್ರಾಯೋಗಿಕ ಪರೀಕ್ಷೆ ಕೊಡಬಹುದು. ಕನಿಷ್ಠ ಐದು ಅಭ್ಯರ್ಥಿಗಳನ್ನು ಪರೀಕ್ಷೆಗೆ ಕಳುಹಿಸಿ, ಅವರಲ್ಲಿ ನೂರಕ್ಕೆ 80 ಮಂದಿಯಾದರೂ ಮೊದಲ ಯತ್ನದಲ್ಲೇ ಪಾಸಾಗಿರುವುದನ್ನು ತೋರಿಸಬಹುದು. ಇಲ್ಲವೇ ಪುನರ್ಮನನ ಕೋರ್ಸ್ ಮುಗಿಸಬಹುದು. ಹಳೆಯ ಕಾರ್ಡು ಇರುವವರಿಗೆ ಅದರ ಮೇಲೆ ಅಚ್ಚಾಗಿರುವ ದಿನಾಂಕವೇ ಈ ಅವಧಿಯ ಕೊನೆ. ಕ ಅವರ ಕಾರ್ಡಿನ ತಾರೀಖು ಹತ್ತಿರದಲ್ಲಿತ್ತು.

ಈ ಮೊದಲ ತಿರುವು ಚಿಕ್ಕದಾಗಿ ಕಾಣುತ್ತದೆ, ಆದರೆ ಪ್ರಕರಣ ಇಲ್ಲಿಯೇ ಕೈತಪ್ಪಿ ಹೋಗಬಹುದಿತ್ತು. ಕಾರ್ಡಿನ ಮೇಲೆ ದಿನಾಂಕ ಇದ್ದಾಗ ಅದೇ ಎಚ್ಚರಿಸುತ್ತಿತ್ತು. ಈಗ ಎಚ್ಚರಿಸುವುದು ಯಾವುದೂ ಇಲ್ಲ, ಲೆಕ್ಕ ನಾವೇ ಇಡಬೇಕು. “ಏನೂ ಮಾಡದೆ ಬಿಟ್ಟರೆ ಉಳಿಯುತ್ತದೆ” ಎಂದು ಅವರು ತಿಳಿದಿದ್ದರು. ನಿಯಮದ ಪ್ರಕಾರ ಏನೂ ಮಾಡದೆ ಬಿಟ್ಟರೆ ಹೋಗುತ್ತದೆ.

ಇನ್ನೊಂದು ಹೊಸ ಕಟ್ಟಳೆಯೂ ಸೇರಿಕೊಂಡಿತ್ತು. ಅಮೆರಿಕದ ಹೊರಗೆ ವಿಳಾಸವಿರುವ ಎಫ್‌ಎಎ ಸರ್ಟಿಫಿಕೇಟ್‌ದಾರರು ಆ ದೇಶದೊಳಗೆ ತಮ್ಮ ಪರವಾಗಿ ಕಾಗದಪತ್ರ ಸ್ವೀಕರಿಸುವ ಪ್ರತಿನಿಧಿಯನ್ನು ನೇಮಿಸಬೇಕು. ಮೊದಲಿನಿಂದ ಸರ್ಟಿಫಿಕೇಟ್ ಹೊಂದಿದ್ದವರಿಗೆ ಇದಕ್ಕೆ ಗಡುವು 2025ರ ಜುಲೈ 7 ಆಗಿತ್ತು. ಪ್ರತಿನಿಧಿಗೆ ಅಂಚೆ ಪೆಟ್ಟಿಗೆ ಸಂಖ್ಯೆ ಸಾಲದು, ಅಮೆರಿಕದಲ್ಲಿ ನಿಜವಾದ ವಿಳಾಸವೇ ಬೇಕು. ನೇಮಿಸದಿದ್ದರೆ ಸರ್ಟಿಫಿಕೇಟ್ ಕೈಯಲ್ಲಿದ್ದರೂ ಅದರ ಹಕ್ಕನ್ನು ಬಳಸುವಂತಿಲ್ಲ. ಬೆಂಗಳೂರಿನಲ್ಲಿ ಕುಳಿತ ಎಷ್ಟೋ ಪೈಲಟ್‌ಗಳಿಗೆ ಇದರ ಅರಿವೇ ಇಲ್ಲ. ಕ ಅವರಿಗೂ ಇರಲಿಲ್ಲ. ಅವರ ಅಕ್ಕ ಅಲ್ಲಿಯೇ ನೆಲೆಸಿರುವುದರಿಂದ ಒಂದು ಸಂಜೆಯ ಫೋನಿನಲ್ಲಿ ಈ ತೊಡಕು ಬಗೆಹರಿಯಿತು.

ಉಳಿದದ್ದು ನಿಜವಾದ ಪ್ರಶ್ನೆ. ಉಳಿಸಿಕೊಳ್ಳುವುದು ಯಾತಕ್ಕೆ?

ಅವರ ಉತ್ತರದಲ್ಲಿ ಹಲವು ಎಳೆಗಳು ಸಿಕ್ಕು ಬಿದ್ದಿದ್ದವು. ಮುಂದೆ ಎಂದಾದರೂ ಅಕ್ಕನ ಊರಿಗೆ ಹೋಗಿ ನೆಲೆಸಿದರೆ ಬೇಕಾಗುತ್ತದೆ ಎಂಬುದು ಒಂದು. ಪಕ್ಕದ ಮನೆಯ ಹುಡುಗ ಪೈಲಟ್ ತರಬೇತಿಗೆ ಅಮೆರಿಕಕ್ಕೆ ಹೊರಟಿದ್ದ, “ಆಂಟಿ, ನೀವೇ ಪಾಠ ಹೇಳಿಕೊಡಿ” ಎಂದು ದಿನವೂ ಕೇಳುತ್ತಿದ್ದ, ಇದು ಇನ್ನೊಂದು. ಮೂರನೆಯದಾಗಿ, ಕಲಬುರಗಿ ಮತ್ತು ಬೆಳಗಾವಿಯ ವಿಮಾನ ನಿಲ್ದಾಣಗಳಲ್ಲಿ ಹಾರಾಟ ತರಬೇತಿ ಸಂಸ್ಥೆಗಳು ಬಂದ ಮೇಲೆ, ರಾಜ್ಯದಲ್ಲಿಯೇ ಶಿಕ್ಷಕಿಯಾಗಿ ಎರಡನೇ ವೃತ್ತಿ ಕಟ್ಟಿಕೊಳ್ಳಬಹುದಲ್ಲವೇ ಎಂಬ ಯೋಚನೆಯೂ ಇತ್ತು. ಇವೆಲ್ಲವನ್ನೂ ಹೇಳಿ ಮುಗಿಸಿದ ಮೇಲೆ, ತಡೆದು, “ನಾನು ಕಲಿಸುವವಳು ಎನ್ನುವುದಕ್ಕೆ ನನ್ನ ಹತ್ತಿರ ಉಳಿದಿರುವುದು ಅದೊಂದೇ” ಎಂದರು. ಇದು ಎಲ್ಲಕ್ಕಿಂತ ಭಾರವಾದ ಎಳೆ ಎಂದು ನನಗೆ ಅನ್ನಿಸಿತು. ಅವರಿಗೂ ಅದು ಗೊತ್ತಿತ್ತು.

ಏನೇನು ಮಾಡಿದೆವು

ಮೊದಲು ಖರ್ಚಿನ ಲೆಕ್ಕ ಹಾಕಿದೆವು. ಆದರೆ ಸಾಮಾನ್ಯವಾಗಿ ಹಾಕುವ ರೀತಿಯಲ್ಲಿ ಅಲ್ಲ. ಜನರು ಉಳಿಸಿಕೊಳ್ಳುವ ಖರ್ಚನ್ನು ಮಾತ್ರ ನೋಡುತ್ತಾರೆ. ಬಿಟ್ಟು ಮತ್ತೆ ಪಡೆಯುವ ಖರ್ಚನ್ನು ಪಕ್ಕದಲ್ಲಿಟ್ಟು ನೋಡಿದಾಗ ಮಾತ್ರ ನಿರ್ಧಾರಕ್ಕೆ ಆಕಾರ ಬರುತ್ತದೆ.

ಉಳಿಸಿಕೊಳ್ಳಲು ಬೇಕಾದದ್ದು ಸುಮಾರು 16 ಗಂಟೆಯ ಆನ್‌ಲೈನ್ ಕೋರ್ಸ್, ನೂರು ಡಾಲರ್ ಆಸುಪಾಸಿನ ಶುಲ್ಕ, ಎಫ್‌ಎಎಗೆ ಒಂದು ಅರ್ಜಿ. ಮನೆಯಲ್ಲಿಯೇ ಕುಳಿತು ಮುಗಿಸಬಹುದು. ಅವಧಿ ಮೀರಿದರೂ ಮೂರು ಕ್ಯಾಲೆಂಡರ್ ತಿಂಗಳ ತನಕ ಇದೇ ಕೋರ್ಸ್ ಮೂಲಕ ಮರಳಿ ಪಡೆಯಲು ಅವಕಾಶವಿದೆ, ಆದರೆ ಆ ಮೂರು ತಿಂಗಳು ಕಲಿಸುವಂತಿಲ್ಲ. ಆ ಬಾಗಿಲೂ ಮುಚ್ಚಿದ ಮೇಲೆ ಉಳಿಯುವ ದಾರಿ ಪ್ರಾಯೋಗಿಕ ಪರೀಕ್ಷೆ. ಅಂದರೆ ಅಮೆರಿಕಕ್ಕೆ ಪ್ರಯಾಣ, ಬಾಡಿಗೆ ವಿಮಾನ, ಪರೀಕ್ಷಕರ ಶುಲ್ಕ, ಅದಕ್ಕೂ ಮೊದಲು ವರ್ಷಗಳಿಂದ ಮುಟ್ಟದ ಸಣ್ಣ ವಿಮಾನದಲ್ಲಿ, ಶಿಕ್ಷಕರು ಕೂರುವ ಬಲಗಡೆಯ ಆಸನದಿಂದ ಅಭ್ಯಾಸ. ಒಂದು ಕಡೆ ಒಂದೆರಡು ವಾರಾಂತ್ಯ, ಇನ್ನೊಂದು ಕಡೆ ಒಂದಿಡೀ ರಜೆ ಮತ್ತು ಲಕ್ಷಗಟ್ಟಲೆ ರೂಪಾಯಿ.

ಇಷ್ಟು ನೋಡಿದರೆ ಉಳಿಸಿಕೊಳ್ಳುವುದೇ ಸರಿ ಎಂದು ಯಾರಾದರೂ ಹೇಳುತ್ತಾರೆ. ಅನೇಕರು ಇಲ್ಲಿಗೇ ನಿಲ್ಲುತ್ತಾರೆ. ನನ್ನ ತಕರಾರು ಇರುವುದೂ ಇಲ್ಲಿಯೇ. ಕೋರ್ಸ್ ಮುಗಿಸಿದ ಶಿಕ್ಷಕಿ ನಾಳೆಯೇ, ಕಾಗದದ ಮಟ್ಟಿಗೆ, ಒಬ್ಬ ವಿದ್ಯಾರ್ಥಿಯನ್ನು ಮೊದಲ ಸೋಲೋ ಹಾರಾಟಕ್ಕೆ, ಅಂದರೆ ಶಿಕ್ಷಕರಿಲ್ಲದೆ ಒಬ್ಬನೇ ಹಾರುವುದಕ್ಕೆ, ಕಳುಹಿಸಬಹುದು. ಆನ್‌ಲೈನ್ ಕೋರ್ಸ್ ಅವರ ತಿಳಿವಳಿಕೆಯನ್ನು ಹೊಸದಾಗಿಡುತ್ತದೆ, ಕೈಕಾಲನ್ನು ಅಲ್ಲ. ಕ ಅವರ ಕೈಕಾಲು ಹೇಗಿದೆ ಎಂದು ನೋಡದೆ ಯಾವ ನಿರ್ಧಾರಕ್ಕೂ ಬರುವುದು ಬೇಡ ಎಂದೆ. ಅವರು ಕೂಡಲೇ ಒಪ್ಪಿದರು. ಬಹಳ ಹಿರಿಯ ಪೈಲಟ್‌ಗಳಿಗೆ ಈ ಮಾತು ಹೇಳಿದರೆ ಮುಖ ಬಿಗಿಯುತ್ತದೆ, ಇವರಿಗೆ ಹಾಗಾಗಲಿಲ್ಲ.

ಕಂಪನಿಯ ಅನುಮತಿ ಪಡೆದು, ರಜೆಯ ದಿನವೊಂದರಲ್ಲಿ, ರಾಜ್ಯದ ತರಬೇತಿ ಶಾಲೆಯೊಂದರಲ್ಲಿ ಚಾಲ್ತಿಯಲ್ಲಿರುವ ಶಿಕ್ಷಕರೊಬ್ಬರ ಜೊತೆ ಸೆಸ್ನಾ 172ರಲ್ಲಿ ಹಾರಿದರು. ವಿಮಾನದ ಹೊಣೆ ಆ ಶಿಕ್ಷಕರದ್ದು. ಕ ಬಲಗಡೆ ಕುಳಿತರು, ಎಡಗಡೆಯಲ್ಲಿ ಕುಳಿತ ಶಿಕ್ಷಕರು ವಿದ್ಯಾರ್ಥಿಯಂತೆ ನಡೆದುಕೊಂಡರು.

ಮೇಲೇರುವಾಗಲೇ ವಿಮಾನದ ಮೂಗು ಎಡಕ್ಕೆ ತಿರುಗಿತು. ಒಂದೇ ಎಂಜಿನ್, ಮುಂದೆ ಒಂದೇ ಪ್ರೊಪೆಲರ್, ಪೂರ್ತಿ ಶಕ್ತಿ ಕೊಟ್ಟಾಗ ಈ ವಿಮಾನ ಎಡಕ್ಕೆ ಎಳೆಯುತ್ತದೆ, ಬಲಗಾಲಿನಿಂದ ರಡ್ಡರ್, ಅಂದರೆ ಬಾಲದ ಚುಕ್ಕಾಣಿಯ ಪೆಡಲ್, ಒತ್ತಿ ಹಿಡಿಯಬೇಕು. ಎರಡು ಜೆಟ್ ಎಂಜಿನ್‌ಗಳ ವಿಮಾನದಲ್ಲಿ ವರ್ಷಗಳಿಂದ ಆ ಕಾಲಿಗೆ ಅಂಥ ಕೆಲಸ ಇರಲಿಲ್ಲ, ಅದು ತಡವಾಗಿ ಎಚ್ಚೆತ್ತಿತು. ನಮ್ಮ ಭಾಗದ ನೆಲವೇ ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರದಲ್ಲಿದೆ. ಗಾಳಿ ತೆಳುವಾಗಿರುವುದರಿಂದ ಸಣ್ಣ ಎಂಜಿನ್‌ಗೆ ಸಮುದ್ರದಂಡೆಯಲ್ಲಿ ಸಿಗುವ ಕಸುವು ಇಲ್ಲಿ ಸಿಗುವುದಿಲ್ಲ, ಬಿಸಿಲೇರಿದರಂತೂ ಇನ್ನೂ ಕಡಿಮೆ. ಇಂಧನ ಮತ್ತು ಗಾಳಿಯ ಪ್ರಮಾಣವನ್ನು ಹೊಂದಿಸಲು ಕೆಂಪು ಗುಂಡಿಯ ಮಿಕ್ಸ್ಚರ್ ನಿಯಂತ್ರಣ ಇರುತ್ತದೆ. ಸಮತಲಕ್ಕೆ ಬಂದ ಮೇಲೂ ಕ ಅದನ್ನು ಮುಟ್ಟಲಿಲ್ಲ. ಶಿಕ್ಷಕರು ಕಾದು ನೋಡಿ, ಬೆರಳಿನಿಂದ ತೋರಿಸಿದರು. ಜೆಟ್‌ನಲ್ಲಿ ಆ ಗುಂಡಿಯೇ ಇಲ್ಲ.

ಇವೆಲ್ಲ ಕೆಲವೇ ಗಂಟೆಗಳ ಅಭ್ಯಾಸದಲ್ಲಿ ಮರಳುವ ಸಂಗತಿಗಳು. ಮುಖ್ಯವಾದದ್ದು ಇಳಿಯುವಾಗ ಕಂಡಿತು. ಅವರೇ ಇಳಿಸಿದಾಗ ಮೂಗನ್ನು ಬೇಗನೆ ಎತ್ತಿದರು. ದೊಡ್ಡ ವಿಮಾನದ ಕಾಕ್‌ಪಿಟ್ ರನ್‌ವೇಯಿಂದ ಬಹಳ ಮೇಲಿರುತ್ತದೆ, ಕಣ್ಣು ಆ ಎತ್ತರಕ್ಕೆ ಪಳಗಿರುತ್ತದೆ. ಮುಂದಿನ ಸುತ್ತಿನಲ್ಲಿ ‘ವಿದ್ಯಾರ್ಥಿ’ ಬೇಕೆಂದೇ ತಪ್ಪು ಮಾಡಿದರು: ನೆಲ ಇನ್ನೂ ದೂರವಿರುವಾಗಲೇ ಕಂಟ್ರೋಲ್ ಹಿಂದಕ್ಕೆ ಎಳೆದು ವೇಗ ಇಳಿಯಲು ಬಿಟ್ಟರು. ಕ “ಸ್ಪೀಡ್” ಎಂದು ಕೂಗಿದರು. ಕೂಗಿ, ಕಾದರು. ಆಮೇಲೆ ಕೈ ಹಾಕಿ “ಐ ಹ್ಯಾವ್ ಕಂಟ್ರೋಲ್” ಎಂದರು. ಅಷ್ಟರಲ್ಲಿ ಶಿಕ್ಷಕರು ತಾವೇ ಎಂಜಿನ್ ಶಕ್ತಿಯ ಥ್ರಾಟಲ್ ಒತ್ತಿ ವಿಮಾನವನ್ನು ಮೇಲಕ್ಕೆತ್ತಿದ್ದರು.

ಆ ಕಾಯುವಿಕೆಯ ಬಗ್ಗೆ ನಾವು ಬಹಳ ಹೊತ್ತು ಮಾತನಾಡಿದೆವು. ಅದು ಅಜಾಗರೂಕತೆ ಅಲ್ಲ. ವಿಮಾನ ಸಂಸ್ಥೆಯಲ್ಲಿ ಇಬ್ಬರು ತರಬೇತಾದ ಪೈಲಟ್‌ಗಳು ಜೊತೆಗಿರುತ್ತಾರೆ. ಒಬ್ಬರು ವ್ಯತ್ಯಾಸವನ್ನು ಕೂಗಿ ಹೇಳುತ್ತಾರೆ, ಇನ್ನೊಬ್ಬರು ಸರಿಪಡಿಸುತ್ತಾರೆ, ಸರಿಪಡಿಸದಿದ್ದರೆ ಮಾತ್ರ ಮೊದಲಿನವರು ಕೈ ಹಾಕುತ್ತಾರೆ. ಅದು ಒಳ್ಳೆಯ ಶಿಸ್ತು, ಪ್ರಾಣ ಉಳಿಸಿದ ಶಿಸ್ತು. ಆದರೆ ಪಕ್ಕದಲ್ಲಿ ಮೊದಲ ಸೋಲೋಗೆ ಮುಂಚಿನ ಹುಡುಗ ಕುಳಿತಿದ್ದರೆ, “ಸ್ಪೀಡ್” ಎಂದು ಕೂಗಿದಾಗ ಅವನು ಸರಿಪಡಿಸುವುದಿಲ್ಲ, ನಿಮ್ಮ ಮುಖ ನೋಡುತ್ತಾನೆ. ಕ ಅವರನ್ನು ಒಳ್ಳೆಯ ಕ್ಯಾಪ್ಟನ್ ಮಾಡಿದ ಅಭ್ಯಾಸವೇ ಆ ಆಸನದಲ್ಲಿ ಅವರನ್ನು ನಿಧಾನ ಮಾಡಿತ್ತು. ಇದನ್ನು ಯಾವ ಆನ್‌ಲೈನ್ ಕೋರ್ಸ್ ಕೂಡ ತೋರಿಸುತ್ತಿರಲಿಲ್ಲ.

ತೀರ್ಮಾನದ ಹಂತ

ಆ ಹಾರಾಟದ ನಂತರ ಅವರು ಸುಮ್ಮನಾದರು. ಬೇಸರವಾಗಿರಬಹುದು ಎಂದುಕೊಂಡು ನಾನು ಒತ್ತಾಯಿಸಲಿಲ್ಲ. ವಾರದ ಬಳಿಕ ತಾವೇ ಫೋನ್ ಮಾಡಿ, “ಸರ್, ಎಲ್ಲವನ್ನೂ ಒಂದೇ ಪ್ರಶ್ನೆ ಮಾಡಿಕೊಂಡಿದ್ದೆ. ಬಿಡಿಸಿ ಬರೆದಿದ್ದೇನೆ, ಕೇಳಿ” ಎಂದರು.

ಕಾಗದವನ್ನು ಉಳಿಸಿಕೊಳ್ಳುವುದು. ಅಗ್ಗ, ಮರಳಿ ಪಡೆಯುವುದು ದುಬಾರಿ, ಅಕ್ಕ ಪ್ರತಿನಿಧಿಯಾಗಿದ್ದಾರೆ, ಆದ್ದರಿಂದ ಈ ಅವಧಿಗೆ ಕೋರ್ಸ್ ಮಾಡುವುದು. ಆದರೆ ಆಕಾಶದಲ್ಲಿ ಪಾಠ ಹೇಳುವುದಿಲ್ಲ. ಚಾಲ್ತಿಯಲ್ಲಿರುವ ಶಿಕ್ಷಕರ ಜೊತೆ ಸಾಕಷ್ಟು ಹಾರಿ, ಅವರು ಒಪ್ಪಿದ ಮೇಲೆಯೇ ಆ ಮಾತು. ಅಕ್ಕನ ಮನೆಗೆ ಹೋದಾಗ ಯಾರಾದರೂ ಸ್ನೇಹಕ್ಕೆ ಕೇಳಿದರೂ ಇಲ್ಲ. ಹಣಕ್ಕೆ ಕೇಳಿದರೆ ಹೇಗೂ ಆಗದು, ಪ್ರವಾಸಿ ವೀಸಾದಲ್ಲಿ ಅಲ್ಲಿ ದುಡಿಯುವಂತಿಲ್ಲ. ಈ ಸ್ವಂತ ಕಟ್ಟುಪಾಡನ್ನು ಅವರು ತಮ್ಮ ಲಾಗ್‌ಬುಕ್‌ನ ಹಿಂಬದಿಯಲ್ಲಿ ದಿನಾಂಕ ಹಾಕಿ ಬರೆದಿಟ್ಟರು. ನಿಯಮ ಅನುಮತಿಸುವುದಕ್ಕಿಂತ ಕಡಿಮೆ ಹಕ್ಕನ್ನು ತಾವಾಗಿ ಬರೆದುಕೊಂಡ ಶಿಕ್ಷಕರನ್ನು ನಾನು ಹೆಚ್ಚು ನೋಡಿಲ್ಲ. ಇದರ ಬಗ್ಗೆ ನನಗೆ ತುಂಬು ಗೌರವವಿದೆ.

ಪಕ್ಕದ ಮನೆಯ ಹುಡುಗನಿಗೆ ನೆಲದ ಪಾಠ ಹೇಳುವುದಕ್ಕೆ ಈ ಕಟ್ಟುಪಾಡು ಅಡ್ಡಿಯಲ್ಲ. ಹವಾಮಾನ ವರದಿ ಓದುವುದು, ತೂಕ ಮತ್ತು ಸಮತೋಲನದ ಲೆಕ್ಕ, ವಾಯುಪ್ರದೇಶದ ವಿಂಗಡಣೆ, ಇವುಗಳಲ್ಲಿ ಕ ಅವರ ತಿಳಿವಳಿಕೆ ಹರಿತವಾಗಿಯೇ ಇತ್ತು, ಕೋರ್ಸ್ ಅದನ್ನು ಇನ್ನೂ ಚುರುಕುಗೊಳಿಸಿತು. ಅಮೆರಿಕದ ಲಿಖಿತ ಪರೀಕ್ಷೆಗೆ ಕೂರಲು ಬೇಕಾದ ಶಿಕ್ಷಕರ ಸಹಿಯನ್ನು ಚಾಲ್ತಿಯಲ್ಲಿರುವ ಸರ್ಟಿಫಿಕೇಟ್ ಮೇಲೆ ಅವರು ಕೊಡಬಹುದು. ಕಾಗದ ಉಳಿಸಿಕೊಂಡದ್ದರ ನೇರ ಪ್ರಯೋಜನ ಸದ್ಯಕ್ಕೆ ಇದೊಂದೇ.

ಭಾರತದ ಶಿಕ್ಷಕರ ರೇಟಿಂಗ್ ಪಡೆಯುವ ಯೋಚನೆಯನ್ನು ಅವರು ಮುಂದಕ್ಕೆ ಹಾಕಿದರು. ಇಲ್ಲಿ ಮೊದಲ ಮೆಟ್ಟಿಲು ಸಹಾಯಕ ಶಿಕ್ಷಕರ ರೇಟಿಂಗ್. ಸಹಾಯಕ ಶಿಕ್ಷಕರು ವಿದ್ಯಾರ್ಥಿಯನ್ನು ಮೊದಲ ಸೋಲೋಗೆ ಕಳುಹಿಸುವಂತಿಲ್ಲ, ಅದಕ್ಕೆ ಪೂರ್ಣ ಶಿಕ್ಷಕರ ರೇಟಿಂಗ್ ಬೇಕು. ಅಲ್ಲಿಯವರೆಗೆ ಏರಬೇಕಾದರೆ ಒಂದು ಶಾಲೆಯಲ್ಲಿ ನೆಲೆನಿಂತು ಕಲಿಸಬೇಕು. ವಿಮಾನ ಸಂಸ್ಥೆಯ ಪೈಲಟ್ ವರ್ಷಕ್ಕೆ 1000 ಗಂಟೆಗಳ ಮಿತಿಯೊಳಗೆ, ರಾತ್ರಿ ಹಗಲೆನ್ನದೆ ಹಾರುವವರು. ಅವರ ವಿಶ್ರಾಂತಿಯ ದಿನ ವಿಶ್ರಾಂತಿಗೇ ಬೇಕು. ಇದಕ್ಕಿಂತ ದೊಡ್ಡ ಕಾರಣ ವಿದ್ಯಾರ್ಥಿಯದು ಎಂಬುದು ನನ್ನ ಅಭಿಪ್ರಾಯ. ತಿಂಗಳಿಗೆ ಎರಡು ದಿನ ಬಂದು ಹೋಗುವ ಶಿಕ್ಷಕಿಗೆ, ಹೋದ ವಾರ ಆ ಹುಡುಗ ಎಲ್ಲಿ ತಡವರಿಸಿದ ಎಂಬುದು ಗೊತ್ತಿರುವುದಿಲ್ಲ. ಹಾರಾಟದ ಪಾಠ ಇಂದಿನ ತಪ್ಪಿನ ಮೇಲೆ ನಾಳೆ ಕಟ್ಟುವ ಕೆಲಸ, ನಡುವೆ ಕೈ ಬದಲಾದಷ್ಟೂ ಅವನ ಹಣ ಪೋಲಾಗುತ್ತದೆ. ಸಾಲ ಮಾಡಿ ಮಗನನ್ನು ಕಳುಹಿಸಿದ ತಂದೆತಾಯಿಯ ಹಣ ಅದು.

ಎರಡನೇ ತಿರುವು

ಎಲ್ಲ ಮುಗಿಯಿತು ಎಂದುಕೊಂಡಿದ್ದೆ. ಕೋರ್ಸ್ ಮುಗಿಸಿ, ಅರ್ಜಿ ಹಾಕಿ, ಅವಧಿ ಮುಗಿಯುವ ಮೊದಲೇ ದಾಖಲೆ ಸರಿಮಾಡಿಕೊಂಡಿದ್ದರು. ಆಗ ಅವರ ಆ ಹಳೆಯ ಮಾತಿಗೆ, ಕಲಿಸುವವಳು ಎನ್ನುವುದಕ್ಕೆ ಉಳಿದಿರುವುದು ಅದೊಂದೇ ಎಂಬ ಮಾತಿಗೆ, ಇನ್ನೂ ಉತ್ತರ ಸಿಕ್ಕಿರಲಿಲ್ಲ. ಕಾಗದ ಉಳಿದಿತ್ತು, ಕಲಿಸುವ ಕೆಲಸ ಉಳಿದಿರಲಿಲ್ಲ.

ಒಂದು ಭಾನುವಾರ ಹುಡುಗನಿಗೆ ಅವರು ಪಾಠ ಹೇಳುವಾಗ ನಾನು ಅಲ್ಲಿದ್ದೆ. ಗಾಳಿ ರನ್‌ವೇಗೆ ಓರೆಯಾಗಿ ಬೀಸಿದರೆ ಏನಾಗುತ್ತದೆ ಎಂದು ಕೇಳಿದ್ದ. ಅವರು ಉತ್ತರ ಹೇಳಲಿಲ್ಲ. ಊಟದ ಮೇಜಿನ ಮೇಲೆ ಒಂದು ಸ್ಕೇಲ್ ಇಟ್ಟು, ಅವನ ಕೈಗೆ ಪೆನ್ನು ಕೊಟ್ಟು, ತಾವು ಪಕ್ಕದಿಂದ ಪೆನ್ನನ್ನು ತಳ್ಳುತ್ತಾ, “ಈಗ ಗೆರೆ ಬಿಡದೆ ಮುಂದೆ ಹೋಗು ನೋಡೋಣ” ಎಂದರು. ಅವನು ತಾನಾಗಿಯೇ ಪೆನ್ನಿನ ಮೂಗನ್ನು ಗಾಳಿಯ ಕಡೆಗೆ ತಿರುಗಿಸಿದ. ಅವರು ತಳ್ಳುವುದನ್ನು ನಿಲ್ಲಿಸಿ, ಅವನೇ ಕಾರಣ ಹೇಳುವವರೆಗೆ ಬಾಯಿ ತೆರೆಯಲಿಲ್ಲ. ಇದು ಹೇಳಿಕೊಟ್ಟು ಬರುವ ಕಲೆಯಲ್ಲ.

ಹೊರಡುವಾಗ ಕೇಳಿದೆ: ನಿಮಗೆ ಬೇಕಿರುವುದು ಸೆಸ್ನಾ ವಿಮಾನವೋ, ವಿದ್ಯಾರ್ಥಿಯೋ? ವಿದ್ಯಾರ್ಥಿ ಎಂದಾದರೆ ನೀವು ದಿನವೂ ಹಾರಿಸುವ ವಿಮಾನದಲ್ಲಿಯೇ ಅವರಿದ್ದಾರೆ. ಹೊಸ ಸಹಚಾಲಕರಿಗೆ ನಿತ್ಯದ ಹಾರಾಟಗಳಲ್ಲಿಯೇ ಲೈನ್ ತರಬೇತಿ ಕೊಡುವ ಕ್ಯಾಪ್ಟನ್‌ಗಳು, ಸಿಮ್ಯುಲೇಟರ್‌ನಲ್ಲಿ ಕಲಿಸುವವರು, ನಿರ್ದಿಷ್ಟ ಮಾದರಿಯ ವಿಮಾನ ಹಾರಿಸಲು ಕಲಿಸುವ ಟೈಪ್ ರೇಟಿಂಗ್ ಇನ್‌ಸ್ಟ್ರಕ್ಟರ್‌ಗಳು, ಇವರೆಲ್ಲರೂ ಶಿಕ್ಷಕರೇ. ಅಲ್ಲಿ ನಿಮ್ಮ ಕಣ್ಣಿನ ಎತ್ತರ, ಕೈಯ ಅಭ್ಯಾಸ, ಕೂಗಿ ಹೇಳುವ ಶಿಸ್ತು, ಎಲ್ಲವೂ ಇಂದಿನದು.

ಇದು ಅವರ ಮನಸ್ಸಿಗೆ ಹಿಂದೆಂದೂ ಬಂದಿರಲಿಲ್ಲವೇ ಎಂದರೆ, ಬಂದಿತ್ತು. ಆದರೆ ಅದನ್ನು ಬಡ್ತಿಯ ಮೆಟ್ಟಿಲು ಎಂದು ನೋಡಿದ್ದರೇ ಹೊರತು ಕಲಿಸುವ ಕೆಲಸ ಎಂದು ನೋಡಿರಲಿಲ್ಲ. ನಮ್ಮ ವೃತ್ತಿಯಲ್ಲಿ ಹೀಗೆ ನೋಡುವವರೇ ಹೆಚ್ಚು, ಅದು ದುರದೃಷ್ಟ. ಮೊದಲ ಸೋಲೋಗೆ ಕಳುಹಿಸುವುದಷ್ಟೇ ಶಿಕ್ಷಣ ಎಂಬ ಭಾವನೆ ಬಲವಾಗಿ ಕೂತುಬಿಟ್ಟಿದೆ. ಮಳೆಗಾಲದ ರಾತ್ರಿ ದೇವನಹಳ್ಳಿಗೆ ಇಳಿಯುವಾಗ ಮೋಡದ ಅಂಚನ್ನು ಯಾವ ಕಡೆಯಿಂದ ಬಳಸಬೇಕು ಎಂದು ಪಕ್ಕದ ಹೊಸಬನಿಗೆ ತಾಳ್ಮೆಯಿಂದ ತೋರಿಸಿಕೊಡುವುದು ಅದಕ್ಕಿಂತ ಕಡಿಮೆಯ ಪಾಠವಲ್ಲ.

ಈಗ ಎಲ್ಲಿಗೆ ಬಂದಿದೆ

ಕ ತಮ್ಮ ಸಂಸ್ಥೆಯ ತರಬೇತಿ ವಿಭಾಗಕ್ಕೆ ಆಸಕ್ತಿ ತಿಳಿಸಿದ್ದಾರೆ. ಲೈನ್ ತರಬೇತಿಗೆ ಬೇಕಾದ ಕ್ಯಾಪ್ಟನ್ ಗಂಟೆಗಳು ಅವರಿಗೆ ಇನ್ನೂ ತುಂಬಿಲ್ಲ, ಕಾಯಬೇಕು. ಹುಡುಗ ಅಮೆರಿಕ ತಲುಪಿ ತರಬೇತಿ ಆರಂಭಿಸಿದ್ದಾನೆ, ಅವನ ಲಿಖಿತ ಪರೀಕ್ಷೆಗೆ ಸಹಿ ಹಾಕಿದವರು ಇವರೇ. ಅಕ್ಕ ಮನೆ ಬದಲಿಸುವ ಮಾತಿದೆ. ಹಾಗಾದರೆ ಪ್ರತಿನಿಧಿಯ ವಿಳಾಸವನ್ನೂ ಎಫ್‌ಎಎ ದಾಖಲೆಯಲ್ಲಿ ಬದಲಿಸಬೇಕು ಎಂದು ಗುರುತು ಹಾಕಿಕೊಂಡಿದ್ದಾರೆ.

ಮುಂದಿನ 24 ತಿಂಗಳ ಕೊನೆಗೆ ಏನು ಮಾಡುವುದು ಎಂಬುದನ್ನೂ ಈಗಲೇ ಬರೆದಿಟ್ಟಿದ್ದಾರೆ, ಆಗಿನ ಮನಸ್ಸಿಗೆ ಬಿಟ್ಟಿಲ್ಲ. ಅಷ್ಟರಲ್ಲಿ ನೆಲದ ಪಾಠಕ್ಕೆ ಬೇರೆ ವಿದ್ಯಾರ್ಥಿಗಳು ಬಂದಿದ್ದರೆ ಕೋರ್ಸ್ ಮಾಡುವುದು. ಯಾರೂ ಬಂದಿರದೆ, ಇತ್ತ ವಿಮಾನ ಸಂಸ್ಥೆಯಲ್ಲಿ ಕಲಿಸುವ ಕೆಲಸ ಸಿಕ್ಕಿದ್ದರೆ, ಅಮೆರಿಕದ ಸರ್ಟಿಫಿಕೇಟ್‌ನ ಅವಧಿಯನ್ನೂ, ಅದರ ಮೇಲಿನ ಮೂರು ತಿಂಗಳನ್ನೂ ದಾಟಲು ಬಿಡುವುದು. ಎರಡೂ ಆಗದಿದ್ದರೆ ಮತ್ತೆ ಒಮ್ಮೆ ಬಲಗಡೆಯ ಆಸನದಲ್ಲಿ ಹಾರಿ ನೋಡಿ, ಆಮೇಲೆ ನಿರ್ಧರಿಸುವುದು. ಆ ಹಾಳೆಯ ಒಂದು ಪ್ರತಿ ನನ್ನ ಬಳಿಯೂ ಇದೆ. ಅವಧಿ ಮುಗಿಯುವ ಆರು ತಿಂಗಳ ಮೊದಲು ನೆನಪಿಸುವುದು ನನ್ನ ಪಾಲಿನ ಕೆಲಸ.